ಅರ್ಧ ಬೆಲೆಯ ಇಂಜಿನ್

ಕಾಗವಾಡದಲ್ಲಿ ಇಂಜಿನ್ ಎಂದರೆ ಆಬಾಸಾಹೇಬ, ಆಬಾಸಾಹೇಬ ಎಂದರೆ ಇಂಜಿನ್. ಹೀಗೆಂದು ಊರವರು ಹೇಳುತ್ತಿದ್ದರೋ ಇಲ್ಲವೋ, ನಾನಂತೂ ಹೇಳಿಕೊಳ್ಳುತ್ತಿದ್ದೆ, ಏಕೆಂದರೆ ಆ ಆಬಾಸಾಹೇಬ ನಾನೇ. ಶಿರಗುಪ್ಪಿಯ ಕಡೆ ಹೊಳೆದಂಡೆಯುದ್ದಕ್ಕೂ ಕಬ್ಬಿಗೆ ನೀರೆತ್ತುವ ಡೀಸೆಲ್ ಇಂಜಿನ್ನುಗಳಲ್ಲಿ ಹೆಚ್ಚಿನವು ನನ್ನ ಅಂಗಡಿಯಿಂದಲೇ ಹೋದವು. ಯಾವುದಾದರೂ ಕೆಟ್ಟರೆ ಹತ್ತು ಮಾರು ದೂರ ನಿಂತು, ಸದ್ದು ಕೇಳಿಯೇ ರೋಗ ಹೇಳುತ್ತಿದ್ದೆ. ಅಷ್ಟು ಸೊಕ್ಕು ಇತ್ತು. ಹೊಳೆ ಏರಿದಾಗ ನೀರಿಗಿಳಿದು ಇಂಜಿನ್ನುಗಳನ್ನು ದಂಡೆಗೆ ತರುತ್ತಿದ್ದವನೂ ನಾನೇ, ಅದಕ್ಕೆಂದು ಬೇರೆ ದುಡ್ಡು ಕೇಳುತ್ತಿರಲಿಲ್ಲ.

1994ರಲ್ಲಿ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ನಿಪ್ಪಾಣಿಯ ಶೇರು ಏಜೆಂಟ ಕಾಕಾಸಾಹೇಬರು ಸ್ಕೂಟರ್ ಮೇಲೆ ಬಂದು ಮಿರಿಮಿರಿ ಮಿಂಚುವ ಒಂದು ಪುಸ್ತಕವನ್ನು ನನ್ನ ಮುಂದಿಟ್ಟರು. ಮುಂಬೈಯ ಶ್ವೇತಹಂಸ ಏರ್‌ವೇಸ್ ಎಂಬ ಹೊಸ ವಿಮಾನ ಕಂಪನಿ ಜನರಿಗೆ ಶೇರು ಮಾರುತ್ತಿತ್ತು.

"ಇಂಜಿನ್ ಮಾಡೋ ಕಂಪನಿಗಳ ನಡುವ ಜಿದ್ದಾಜಿದ್ದಿ ನಡದೈತ್ರಿ. ಒಬ್ಬಾಂವ ಇವರಿಗೆ ಅರ್ಧಾ ರೇಟಿಗೆ ಇಂಜಿನ್ ಕೊಟ್ಟಾನ. ಉಳದ ರೊಕ್ಕದಾಗ ಇವರು ಇನ್ನೂ ನಾಕು ವಿಮಾನಕ್ಕ ಆರ್ಡರ್ ಹಾಕ್ಯಾರ. ದೀಪಾವಳಿ ಅನ್ನೋದ್ರಾಗ ಹತ್ತರ ಶೇರು ಮೂವತ್ತಾಗ್ತೈತಿ, ಬರದಿಟ್ಕೋರಿ" ಎಂದರು.

ಶೇರಿನ ಮಾತು ನನ್ನ ಕಿವಿಗೆ ಹೋಗಲೇ ಇಲ್ಲ. ನಾನು ಆ ಇಂಜಿನ್ನಿನ ಚಿತ್ರ ನೋಡುತ್ತಿದ್ದೆ. ಅದರ ಮುಂದಿನ ಬಾಯಿ ಐದು ಅಡಿ ಅಗಲ ಎಂದು ಬರೆದಿತ್ತು. ಕಾಕಾಸಾಹೇಬರು ಹೋದ ಮೇಲೆ ಅಂಗಡಿಗೆ ಹೊಂದಿಕೊಂಡ ಗೋದಾಮಿನ ಎಣ್ಣೆಗಪ್ಪು ಗೋಡೆಗೆ ಮೊಳೆ ಹೊಡೆದು, ದಾರ ಕಟ್ಟಿ, ಸೀಮೆಸುಣ್ಣದಿಂದ ಐದಡಿಯ ವರ್ತುಲ ಬರೆದೆ. ಬೆನ್ನು ತಾಗಿಸಿ ಅದರ ಮುಂದೆ ನಿಂತರೆ ನಾನು ಹೆಚ್ಚುಕಡಿಮೆ ಪೂರ್ತಿ ಅದರೊಳಗೆ! ಇಂಥದ್ದು ಆರು ಮೈಲಿ ಎತ್ತರದಲ್ಲಿ, ಹೊರಗೆ ಎಲ್ಲ ಹೆಪ್ಪುಗಟ್ಟುವ ಚಳಿಯಲ್ಲಿ, ಒಳಗೆ ಬೆಂಕಿ ಇಟ್ಟುಕೊಂಡು ತಾಸುಗಟ್ಟಲೆ ನಿಲ್ಲದೆ ತಿರುಗುತ್ತದಂತೆ. ಐವತ್ತು ದಾಟಿದವನು ಗೋದಾಮಿನಲ್ಲಿ ಒಬ್ಬನೇ ನಿಂತು ಗೋಡೆಗೆ ಕೈ ಮುಗಿದೆ.

ಸುದ್ದಿ ಹಬ್ಬಿತು. ಜನ ಬಂದು ಬಂದು ವರ್ತುಲದೊಳಗೆ ನಿಂತು ನೋಡಿದರು. ಯಾರೂ ಕಾಕಾಸಾಹೇಬರನ್ನು ಏನೂ ಕೇಳಲಿಲ್ಲ. "ಇಂಜಿನ್ ಛಲೋ ಐತೇನ್ರಿ?" ಎಂದು ನನ್ನನ್ನೇ ಕೇಳಿದರು. "ಇಂಥಾ ಇಂಜಿನ್ ಅರ್ಧಾ ರೇಟಿಗೆ ತಂದಾಂವ ಸಾಮಾನ್ಯ ಮನಶಾ ಅಲ್ಲ" ಎಂದೆ. ಅಷ್ಟೇ ಸಾಕಾಯಿತು. ಕಬ್ಬಿನ ಬಿಲ್ಲು ಬಂದ ಹೊಸತು. ವಾರದೊಳಗೆ ಮೂವತ್ತೆರಡು ಅರ್ಜಿಗಳು ಚೆಕ್ಕಿನ ಸಮೇತ ನನ್ನ ಮೇಜಿನ ಡ್ರಾದಲ್ಲಿ ಬಿದ್ದವು. ಎಲ್ಲಕ್ಕಿಂತ ಮೇಲೆ ನನ್ನದೇ ಇತ್ತು. ಸೋಮವಾರ ಕಾಕಾಸಾಹೇಬರು ಬಂದು ಒಯ್ಯುವವರಿದ್ದರು.

ಶನಿವಾರ ಲಗಮವ್ವ ಬಂದಳು. ಹೊಳೆದಂಡೆಯಲ್ಲಿ ಮೂರೆಕರೆ ಕಬ್ಬು ಅವಳದು. ಇಂಜಿನ್ನಿಗೆ ತಾನೇ ಹ್ಯಾಂಡಲ್ ಹೊಡೆಯುವ ಹೆಂಗಸು. ಇಂಜಿನ್ ನಿಂತಿದೆ, ಎಣ್ಣೆ ಚಿಮ್ಮಿಸುವ ನಾಜಲ್ ಹೋಗಿದೆ, ಹೊಸದು ಬೇಕು ಎಂದಳು. ಅವಳ ಕಣ್ಣು ಗೋದಾಮಿನ ಗೋಡೆಯ ಕಡೆ ಹೋಯಿತು.

"ಇದೇನ್ರಿ, ಗ್ವಾಡಿ ಮ್ಯಾಲ ಬಾಂವಿ ತಗದೀರಿ?"

"ಬಾಂವಿ ಅಲ್ಲವ್ವಾ, ವಿಮಾನದ ಇಂಜಿನ್. ಅರ್ಧಾ ರೇಟಿಗೆ ಸಿಕ್ಕೈತಿ."

ಎರಡೂ ಕೈ ಚಾಚಿ ವರ್ತುಲ ಅಳೆದಳು. "ಯಪ್ಪಾ! ಒಂದ ತಾಸಿನ್ಯಾಗ ಹೊಳಿ ಬತ್ತಿಸ್ತೈತಿ ಇದು" ಎಂದಳು. ಆಮೇಲೆ ಕೇಳಿದಳು. "ಇದರ ಸಾಮಾನು ಎಲ್ಲಿ ಸಿಗತಾವ್ರಿ?"

"ಮಾಡಿದವರ ಹಂತ್ಯಾಕನ. ಇಪ್ಪತ್ತು ವರ್ಷದ ಕರಾರ ಐತಿ" ಎಂದು ಹೆಮ್ಮೆಯಿಂದ ಪುಸ್ತಕ ತೋರಿಸಿದೆ.

ಲಗಮವ್ವ ನಕ್ಕಳು. "ಹಂಗಾರ ಆಂವನೂ ನಿಮ್ಮಂಗ ಅದಾನ ಬಿಡ್ರಿ."

ಸಿಟ್ಟು ನೆತ್ತಿಗೇರಿತು. "ಏನ್ ಮಾತಂತ ಆಡ್ತೀ?"

"ಖರೇನ ಆಡ್ತೇನ್ರಿ. ನನಗ ಇಂಜಿನ್ ಅಗ್ಗ ಕೊಟ್ರಿ. ಹನ್ನೊಂದು ವರ್ಷ ನಾಜಲ್ಲು, ರಿಂಗು, ಪಿಸ್ಟನ್ನು ನಿಮ್ಮ ಹಂತ್ಯಾಕನ ಒಯ್ದೇನಿ. ಸಾಂಗಲಿ ಅಂಗಡ್ಯಾಗ ಕೇಳೇನಿ. ನಿಮ್ಮ ಇಂಜಿನ್ದ ಸಾಮಾನು ಅವರು ಇಡೂದಿಲ್ಲಂತ. ಆದ್ರ ಇಂಥಾ ನಾಜಲ್ಲಿಗೆ ಅರವತ್ತಕ್ಕಿಂತ ಹೆಚ್ಚಿಲ್ಲ ಅಂದ್ರು. ನೀವು ತೊಂಬತ್ತು ತಗೋತೀರಿ."

ಅವಳು ಹೇಳಿದ್ದು ಅಕ್ಷರಶಃ ನಿಜ. 1983ರಲ್ಲಿ ನಾನು ಒಂದು ಸಣ್ಣ ಕಾರ್ಖಾನೆಯ ಏಜೆನ್ಸಿ ಹಿಡಿದಿದ್ದೆ. ಬೇರೆ ಯಾರ ಬಿಡಿಭಾಗವೂ ಅದಕ್ಕೆ ಕೂಡುತ್ತಿರಲಿಲ್ಲ, ಅದಕ್ಕೇ ಹಿಡಿದಿದ್ದೆ. ಇಂಜಿನ್ನನ್ನು ಅಸಲಿಗಿಂತ ಕಡಿಮೆಗೆ ಕೊಟ್ಟೆ. ಅಗ್ಗ ಎಂದು ಒಂದು ಬೇಕಾದವರು ಎರಡು ಒಯ್ದರು. ಆ ವರ್ಷ ಹೊಳೆದಂಡೆ ಹಗಲೆಲ್ಲ ಗುಡುಗುಡು ಅನ್ನುತ್ತಿತ್ತು. ಮೂರು ವರ್ಷದ ಮೇಲೆ ಅರ್ಧಕ್ಕರ್ಧ ಇಂಜಿನ್ನುಗಳು ಗೋಣಿತಟ್ಟು ಹೊದ್ದು ಕೂತವು. ಬಿಡಿಭಾಗಕ್ಕೆ ದುಡ್ಡು ಸುರಿದು ಅವನ್ನು ಸಾಕುವುದು ಹಲವರಿಗೆ ಆಗಲಿಲ್ಲ. ಸಾಕಿದವರಿಂದ ನಾನು ಉದ್ಧಾರವಾದೆ.

ಲಗಮವ್ವನ ಎದುರಿಗೇ ಆ ಪುಸ್ತಕ ಮತ್ತೆ ತೆರೆದೆ. ಓದದೆ ಬಿಟ್ಟ ಸಣ್ಣಕ್ಷರಗಳಲ್ಲಿ ಎಲ್ಲ ಇತ್ತು. ಇಂಜಿನ್ ಹಾರಿದ ಪ್ರತಿ ತಾಸಿಗೂ ಅದನ್ನು ಮಾಡಿದವನಿಗೆ ಇಂತಿಷ್ಟು ಕೊಡಬೇಕು. ವಿಮಾನದಲ್ಲಿ ನೂರು ಮಂದಿ ಕೂತರೂ ಅಷ್ಟೇ, ನಾಲ್ಕು ಮಂದಿ ಕೂತರೂ ಅಷ್ಟೇ. ಇಂಜಿನ್ ಅಗ್ಗ ಸಿಕ್ಕಿತೆಂದು ಕಂಪನಿ ವಿಮಾನಗಳನ್ನು ಹೆಚ್ಚಿಸಿತ್ತು. ವಿಮಾನ ಹೆಚ್ಚಾದವೆಂದು ಜನ ಶೇರು ಏರುತ್ತದೆ ಅನ್ನುತ್ತಿದ್ದರು. ಅವುಗಳಲ್ಲಿ ಕೂರುವ ಮಂದಿ ಎಲ್ಲಿದ್ದಾರೆ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಿಜ ಹೇಳುತ್ತೇನೆ, ಮೊದಲು ನನಗಾದದ್ದು ನಾಚಿಕೆ ಅಲ್ಲ, ಬೆರಗು. ಕಾಗವಾಡದ ಈ ಎಣ್ಣೆಜಿಡ್ಡಿನ ಅಂಗಡಿಯಲ್ಲಿ ಕೂತು ನನ್ನೊಬ್ಬನದೇ ಜಾಣತನ ಎಂದುಕೊಂಡಿದ್ದನ್ನು ಏಳು ಸಮುದ್ರದಾಚೆಯ ಸೂಟುಬೂಟಿನವರು ಆಕಾಶದಲ್ಲಿ ಮಾಡುತ್ತಿದ್ದರು! ಮತ್ತು ಆ ಜಾಣತನಕ್ಕೆ ಮೊದಲು ಮರುಳಾದವನು ಅದೇ ವ್ಯಾಪಾರದ ನಾನು. ಗುಟ್ಟು ಹಿಡಿದದ್ದು ಶಾಲೆಯ ಮೆಟ್ಟಿಲು ಹತ್ತದ ಲಗಮವ್ವ. ಓದಿದ್ದನ್ನೆಲ್ಲ ಅವಳಿಗೆ ಹೇಳಿ, ಡ್ರಾ ತೆರೆದು ಊರವರ ಅರ್ಜಿಗಳನ್ನೂ ತೋರಿಸಿದೆ.

"ಮಂದಿ ಅರ್ಜಿ ವಾಪಸ್ ಕೊಡ್ರಿ" ಎಂದಳು.

"ಯಾಕ ಅಂತ ಕೇಳ್ತಾರಲ್ಲವ್ವಾ."

"ಕೇಳ್ತಾರ. ನೀವು ಹೇಳ್ತೀರೋ, ನಾ ಹೇಳ್ಲೋ?"

ನಾಜಲ್ ಮುಂದೆ ಚಾಚಿದೆ. "ಹೇಳಿದ ಮ್ಯಾಲ ಒಯ್ತೇನಿ" ಎಂದು ಎದ್ದು ಹೋದಳು. ಅವಳ ಕಬ್ಬು ಒಣಗುತ್ತಿತ್ತು.

ಕಾಕಾಸಾಹೇಬ ಮೋಸಗಾರ ಎಂದುಬಿಟ್ಟರೆ ನಾನು ಪಾರಾಗುತ್ತಿದ್ದೆ. ಆದರೆ ಆ ಮನುಷ್ಯ ನಂಬಿಯೇ ಹೇಳಿದ್ದರು, ಅವರೂ ಶೇರು ಹಾಕಿದ್ದರು. ಬಾಯಿ ಮುಚ್ಚಿದರೆ ಮೂವತ್ತೊಂದು ಮನೆಯ ಕಬ್ಬಿನ ದುಡ್ಡು ಹೋಗುತ್ತದೆ, ತೆರೆದರೆ ನನ್ನ ಅಂಗಡಿ ಹೋಗುತ್ತದೆ. ರವಿವಾರ ಮಧ್ಯಾಹ್ನ ಬಡಿಸಿದ ಊಟ ಬಿಟ್ಟು ಎದ್ದೆ, ಎಲ್ಲರನ್ನೂ ಗೋದಾಮಿಗೆ ಕರೆಸಿದೆ. ವರ್ತುಲದ ಮುಂದೆ ನಿಂತು ಎಲ್ಲ ಹೇಳಿದೆ. ವಿಮಾನದವನ ಇಂಜಿನ್ ಹೇಗೆ ಅಗ್ಗವೆಂದು ಹೇಳಲು ನನ್ನ ಇಂಜಿನ್ ಹೇಗೆ ಅಗ್ಗವೆಂದು ಹೇಳಬೇಕಾಯಿತು. ನಾಜಲ್ಲಿನ ಅಸಲು, ರಿಂಗಿನ ಅಸಲು, ಒಂದನ್ನೂ ಬಚ್ಚಿಡಲಿಲ್ಲ.

ಎರಡು ಇಂಜಿನ್ ಕೊಂಡು ಒಂದನ್ನು ಗೋಣಿಯಲ್ಲಿ ಮುಚ್ಚಿಟ್ಟಿದ್ದ ಧರೆಪ್ಪ ಎದ್ದು ನಿಂತ. "ಹನ್ನೊಂದು ವರ್ಷ ನಿಮಗ ಅಣ್ಣಾ ಅಂದೇನ್ರಿ" ಎಂದು ಅರ್ಜಿ ಕಸಿದುಕೊಂಡು ಹೊರಟುಹೋದ. ಮತ್ತೆಂದೂ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಉಳಿದವರು ಒಬ್ಬೊಬ್ಬರಾಗಿ ತಮ್ಮ ಅರ್ಜಿ ತೆಗೆದುಕೊಂಡರು. ನನ್ನದನ್ನು ನಾನೇ ಹರಿದು, ಬರುವುದು ಬೇಡವೆಂದು ಕಾಕಾಸಾಹೇಬರಿಗೆ ಹೇಳಿಕಳಿಸಿದೆ. ಮೂರು ವರ್ಷದ ಮೇಲೆ ಶ್ವೇತಹಂಸದ ವಿಮಾನಗಳೂ ಕೆಲಸವಿಲ್ಲದೆ ನಿಂತವಂತೆ, ಆದರೆ ಆ ದಿನ ಅದು ಯಾರಿಗೆ ಗೊತ್ತಿತ್ತು?

ಸೋಮವಾರ ಬೆಳಿಗ್ಗೆ ಅಂಗಡಿ ತೆರೆದರೆ ಒಂದು ನರಪಿಳ್ಳೆಯೂ ಇಲ್ಲ. ಹತ್ತರ ಸುಮಾರಿಗೆ ಲಗಮವ್ವ ಬಂದಳು.

"ನಾಜಲ್ ಕೊಡ್ರಿ. ಎಷ್ಟು?"

"ಅರವತ್ತು" ಎಂದೆ.

ಅರವತ್ತು ರೂಪಾಯಿ ಎಣಿಸಿ ಮೇಜಿನ ಮೇಲಿಟ್ಟಳು. ಆಮೇಲೆ ಸೆರಗಿನ ಗಂಟಿನಿಂದ ಮತ್ತೆ ಮೂವತ್ತು ತೆಗೆದು, ಒಂದು ಗೇಣು ದೂರ, ಬೇರೆಯಾಗಿ ಇಟ್ಟಳು.

"ಇದು ನಾಜಲ್ಲಿಂದಲ್ಲ. ಹೊಳಿ ಬಂದಾಗ ಎದಿಮಟಾ ನೀರಾಗ ನಿಂತು ನನ್ನ ಇಂಜಿನ್ ಮ್ಯಾಲ ತಂದ್ರಲ್ಲ, ಅದರದು. ಇನ್ನ ಮ್ಯಾಲ ದುಡಿಮಿ ರೊಕ್ಕಾನೂ ಹೆಸರ ಹೇಳಿ ಇಸಗೋರಿ, ಆಬಾಸಾಹೇಬ್ರ."