ಜಾಲರಿ ತೆಗೆದವಳು

ಭಾನುವಾರ ಬೆಳಿಗ್ಗೆ ಹಿತ್ತಿಲ ರೂಮಿನಲ್ಲಿ ಬಾಡಿಗೆಗಿದ್ದ ಮಾಲಿನಿ ಮುಖ ತೊಳೆಯಲು ಹೋದರೆ ಬಚ್ಚಲಿನ ನೀರು ಇಳಿಯುವ ಬದಲು ಮೇಲಕ್ಕೆ ಬರುತ್ತಿತ್ತು. ಹತ್ತೇ ನಿಮಿಷ, ಗಬ್ಬು ನಾರುವ ಕಪ್ಪು ನೀರು ಹೊಸ್ತಿಲು ದಾಟಿ ಅವಳ ಚಾಪೆಯನ್ನು ಮುಟ್ಟಿತು. ತುಮಕೂರಿನ ಆ ಮನೆಯಲ್ಲಿ ಹಿತ್ತಿಲ ರೂಮೇ ಎಲ್ಲಕ್ಕಿಂತ ತಗ್ಗು. ಕೊಳೆನೀರಿನ ಲೈನು ಎಲ್ಲಿ ಕಟ್ಟಿದರೂ ಉಕ್ಕುವುದು ಅಲ್ಲೇ.

ಮನೆಯೊಡತಿ ಸಿದ್ದಗಂಗಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದರು. ಅವರ ಹಿಂದೆಯೇ ತಂಗಿಯ ಮಗಳು ಇಂಪನಾ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ಗುಬ್ಬಿಯಿಂದ ದೊಡ್ಡಮ್ಮನ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಕೇಳಿದ್ದಕ್ಕೆ ತಲೆಯಾಡಿಸುವಳೇ ಹೊರತು ತಾನಾಗಿ ಬಾಯಿ ಬಿಟ್ಟವಳಲ್ಲ. ಆದರೆ ಅವಳ ಕಣ್ಣಿಗೆ ಬೀಳದ್ದು ಆ ಮನೆಯಲ್ಲಿ ಏನೂ ಇರಲಿಲ್ಲ. ಲೈನು ಯಾಕೆ ಕಟ್ಟಿದೆ ಅನ್ನುವುದೂ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು.

ತೆಂಗಿನ ತೋಟ ಇರುವವರ ಮನೆಯಲ್ಲಿ ಪಾತ್ರೆ ಉಜ್ಜಲು ಅಂಗಡಿಯಿಂದ ಬ್ರಷ್ಷು ತಂದರೆ ನಗೆಪಾಟಲು. ಊರಿಂದ ಬರುವ ಕಾಯಿ ಸುಲಿದ ನಾರೇ ಸಾಕು. ಮುದ್ದೆ ಪಾತ್ರೆಯ ತಳ ಕೆರೆಯುವಾಗ ಆ ನಾರು ಎಳೆಎಳೆಯಾಗಿ ಬಿಟ್ಟುಕೊಂಡು, ಪಾತ್ರೆ ಕಟ್ಟೆಯ ತೂತಿನ ಜಾಲರಿಗೆ ಸಿಕ್ಕಿ ನೀರು ನಿಲ್ಲುತ್ತಿತ್ತು. ನಿಂತರೆ ದೊಡ್ಡಮ್ಮ ಬೈಯುತ್ತಿದ್ದರು. ಯುಗಾದಿ ಕಳೆದ ಮೇಲೆ ಇಂಪನಾ ಒಂದು ದಿನ ಜಾಲರಿಯನ್ನೇ ಕಿತ್ತು ಪಕ್ಕಕ್ಕಿಟ್ಟಳು. ಆವತ್ತಿನಿಂದ ನೀರು ಸರಾಗ, ಬೈಗುಳವೂ ಇಲ್ಲ.

"ಇನ್ನೇನಿರ್ತದೆ? ಪ್ಯಾಡು ಹಾಕಿ ನೀರು ಬುಟ್ಟವ್ಳೆ," ಎಂದರು ಸಿದ್ದಗಂಗಮ್ಮ, ಕಾಂಪೌಂಡಿನಾಚೆ ನಿಂತಿದ್ದ ಪಕ್ಕದ ಮನೆ ಹನುಮಮ್ಮನಿಗೂ ಕೇಳುವಂತೆ.

"ಗಾರ್ಮೆಂಟ್ಸ್ ಹುಡ್ಗೀರ್ಗೆ ಟೈಮೆಲ್ಲೈತೆ ಬುಡಕ್ಕ, ಬಸ್ ಹಿಡಿಯೋ ಆತುರ," ಎಂದಳು ಹನುಮಮ್ಮ.

ಮಾಲಿನಿಯ ಮುಖ ಕೆಂಪಾಯಿತು. "ಆಂಟಿ, ನಾನು ಪೇಪರಲ್ಲಿ ಸುತ್ತಿ ಕಸದ ಗಾಡಿಗೆ ಹಾಕ್ತೀನಿ. ಇಂಪನಾ ನೋಡಿದಾಳೆ. ಬೇಕಾದ್ರೆ ಕೇಳಿ."

ಮೂವರೂ ಇಂಪನಾಳ ಕಡೆ ತಿರುಗಿದರು. ನೋಡಿದ್ದಳು, ಎಷ್ಟೋ ಸಲ. ಭಾನುವಾರಗಳಲ್ಲಿ ಅದೇ ರೂಮಿನಲ್ಲಿ ಕೂತು ಮಾಲಿನಿಯಿಂದ ಬ್ಲೌಸ್ ಕಟಿಂಗ್ ಕಲಿಯುತ್ತಿದ್ದಳು. ಅವಳು ಬಾಯ್ತುಂಬ ನಗುತ್ತಿದ್ದ ಜಾಗ ಅದೊಂದೇ. ಈಗ ಎರಡು ಮಾತು ಆಡಿದ್ದರೆ ಸಾಕಿತ್ತು.

"ನಂಗೊತ್ತಿಲ್ಲ," ಎಂದಳು.

ಅವಳಿಗೇ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ. ಆದರೆ ಮಾಲಿನಿಗೆ ಕೇಳಿಸಿತು. "ಈ ಮಾತು ಕೇಳಿಸ್ಕೊಂಡು ನಾನಿಲ್ಲಿ ಇರಲ್ಲ ಆಂಟಿ," ಎಂದು ಒದ್ದೆ ಚಾಪೆ ಸುತ್ತತೊಡಗಿದಳು.

ಕಟ್ಟಿದ ಲೈನಿಗೆ ರಾಡು ಹಾಕಿ ಬಿಡಿಸುವ ಅಂಜನಮೂರ್ತಿ ಬರುವುದು ಮಂಗಳವಾರ ಎಂದಾಯಿತು. ಸೋಮವಾರ ಸಂಜೆ ಇಂಪನಾ ಹಿತ್ತಿಲ ರೂಮಿನ ಬಾಗಿಲಲ್ಲಿ ಹೋಗಿ ನಿಂತಳು. ಮಾಲಿನಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ಏನೇ?"

"ಏನಿಲ್ಲಕ್ಕ."

"ಏನಿಲ್ಲ ಅಂದ್ಮೇಲೆ ಬಾಗ್ಲು ಬಿಡು, ಬೆಳಕು ಬರ್ಲಿ."

ಮಂಗಳವಾರ ಬೆಳಿಗ್ಗೆ ಒಂದು ಗೂಡ್ಸ್ ಆಟೋ ಬಂತು. ಹೊಲಿಗೆ ಮಷೀನು, ಗ್ಯಾಸು, ಎರಡು ಚೀಲ. ಅಂತರಸನಹಳ್ಳಿಯಲ್ಲಿ ಗೆಳತಿಯ ರೂಮಿಗಂತೆ. ಇಂಪನಾ ಸೊಪ್ಪು ಬಿಡಿಸುತ್ತ ಕೂತಿದ್ದಳು. ಆಟೋ ಸದ್ದು ನಿಂತಾಗಲೂ ಎದ್ದೇಳಲಿಲ್ಲ, ಹೋದಾಗಲೂ ಎದ್ದೇಳಲಿಲ್ಲ.

ಅದಾಗಿ ಎರಡು ತಾಸಿಗೆ ಅಂಜನಮೂರ್ತಿ ಬಂದ. ಚೇಂಬರಿನ ಮುಚ್ಚಳ ಸರಿಸಿ, ಮೇಲೆ ನಿಂತೇ ಉದ್ದನೆಯ ರಾಡು ತಿರುವಿ ತಿರುವಿ ಎಳೆದ. ತುದಿಗೆ ಸಿಕ್ಕಿಕೊಂಡು ಬಂದದ್ದು ಮೊಳಕೈ ದಪ್ಪದ ಕಂದು ಉಂಡೆ, ರಾಗಿ ಹಿಟ್ಟು ಮೆತ್ತಿಕೊಂಡಿತ್ತು. ಹಿಂದೆಯೇ ನೀರು ಗೊಳಗೊಳ ಹರಿಯಿತು.

"ನಾರು ಕಣಮ್ಮ. ಹಗ್ಗ ಹೊಸೆದಂಗೆ ಹೊಸ್ಕೊಂಡೈತೆ. ಜಾಲರಿ ಯಾರ್ ತೆಗೆದ ಪುಣ್ಯಾತ್ಮರು?"

ಸಿದ್ದಗಂಗಮ್ಮ ಉಂಡೆ ನೋಡಿದರು, ಪಾತ್ರೆ ಕಟ್ಟೆ ನೋಡಿದರು, ಆಮೇಲೆ ಇಂಪನಾಳನ್ನು. ಅವಳು ಬೈಗುಳಕ್ಕೆ ತಲೆ ತಗ್ಗಿಸಿ ನಿಂತಳು.

"ಆಗಿದ್ದಾಯ್ತು. ಊರೆಲ್ಲ ಸಾರ್ಬೇಡ," ಎಂದರು ದೊಡ್ಡಮ್ಮ. "ಬಾಡ್ಗೆಯವ್ರು ಇವತ್ತು ಇರ್ತಾರೆ, ನಾಳೆ ಹೋಗ್ತಾರೆ."

ಅಷ್ಟೇ. ಬೈಯಲೇ ಇಲ್ಲ. ಇಷ್ಟಕ್ಕೆ ಹೆದರಿ ಅಕ್ಕನನ್ನು ಕಳಕೊಂಡೆನಲ್ಲ ಎಂದುಕೊಳ್ಳುತ್ತ ಇಂಪನಾ ಜಾಲರಿ ತಂದು ತೂತಿಗೆ ಕೂರಿಸಿದಳು.

ಮರುದಿನ ತರಕಾರಿ ಗಾಡಿಯ ಹತ್ತಿರ ಹನುಮಮ್ಮ ಸಿಕ್ಕಳು. "ಲೈನು ಸರಿಹೋಯ್ತಂತೆ? ಆ ಹುಡ್ಗಿ ಹಾಕಿದ್ದೆಲ್ಲ ಬಂತಾ?"

ಇಂಪನಾ ಕೈಲಿದ್ದ ಬದನೆಕಾಯಿ ಕೆಳಗಿಟ್ಟಳು. "ಅವ್ರಲ್ಲ ಹನುಮಮ್ಮಕ್ಕ. ನಾನು. ಜಾಲರಿ ತೆಗೆದು ನಾರು ಬಿಟ್ಟಿದ್ದು ನಾನೇ. ಅವ್ರು ಕಸದ ಗಾಡಿಗೇ ಹಾಕ್ತಿದ್ರು, ನಾನು ನೋಡಿದೀನಿ." ಅಷ್ಟು ಉದ್ದದ ಮಾತನ್ನು ಬೀದಿಯಲ್ಲಿ ನಿಂತು ಅವಳು ಆಡಿದ್ದು ಅದೇ ಮೊದಲು.

ಹನುಮಮ್ಮ ಅವಳ ಗಲ್ಲ ಸವರಿದಳು. "ನೋಡೇ, ಹೋದೋಳ ತಪ್ಪನ್ನೂ ತಲೆ ಮೇಲೆ ಹಾಕ್ಕೊಂತೀಯ. ನಿಮ್ಮಮ್ಮ ನಿನ್ನ ಹೆತ್ತಿದ್ದು ಸಾರ್ಥಕ ಆಯ್ತು ಬುಡು."

"ಅಲ್ಲಕ್ಕ, ನಿಜವಾಗ್ಲೂ..."

ಹನುಮಮ್ಮ ಆಗಲೇ ಗಾಡಿಯವನ ಕಡೆ ತಿರುಗಿ, ಎಂಥ ಒಳ್ಳೆ ಹುಡುಗಿ ಎಂದು ಹೇಳತೊಡಗಿದ್ದಳು.