ಅಕ್ಕನ ಪಾಲಿನ ಕಹ್ವಾ

ಮುಖ್ತಾ ತೀರಿಕೊಂಡ ಮೇಲೆ ಆ ಮನೆಯ ಸಮೋವಾರ್ ಹಾಡಲು ಶುರುಮಾಡಿತು.

ಹಾಗೆಂದು ಮೊದಲು ಹೇಳಿದವಳು ಅವಳ ಮಗಳು ಅಫ್ರೋಜಾ. ಆರು ವರ್ಷದ ಹುಡುಗಿಯ ಮಾತನ್ನು ಯಾರು ತಲೆಗೆ ಹಚ್ಚಿಕೊಳ್ಳುತ್ತಾರೆ? ಸಮೋವಾರ್ ಎಂದಮೇಲೆ ಗುಂಯ್ ಅನ್ನುವುದೇ. ತಾಮ್ರದ ಹೊಟ್ಟೆಯ ನಡುವೆ ಒಂದು ಕೊಳವೆ, ಕೊಳವೆಯ ತುಂಬ ನಿಗಿನಿಗಿ ಕೆಂಡ, ಸುತ್ತ ಕುದಿಯುವ ನೀರು. ಹೊಟ್ಟೆಯಲ್ಲಿ ಬೆಂಕಿ ತುಂಬಿ ಬಾಯಿ ಮುಚ್ಚಿಕೊಂಡಿರು ಎಂದರೆ ಮನುಷ್ಯರೇ ಇರುವುದಿಲ್ಲ, ಇನ್ನು ತಾಮ್ರ ಇದ್ದೀತೇ? ಅಜ್ಜಿ ಖತೀಜಿ ಇದನ್ನೇ ಹೇಳಿ ಮೊಮ್ಮಗಳ ಬಾಯಿ ಮುಚ್ಚಿಸಿದ್ದಳು. ಆದರೆ ಚಿಲ್ಲೈ ಕಲಾನ್ ಎಂಬ ನಲವತ್ತು ದಿನದ ಕೊರೆವ ಚಳಿ ಇಳಿದು, ಹಿಮ ಬಿದ್ದು ಊರಿನ ಸದ್ದೆಲ್ಲ ಅಡಗಿದ ಮೇಲೆ ಸಾಜಾಗೂ ಅದು ಕೇಳಿಸಿತು. ಗುಂಯ್ ಎನ್ನುವ ಸದ್ದು ಏರಿ, ಇಳಿದು, ಒಂದು ಕಡೆ ಉಸಿರು ತೆಗೆದುಕೊಂಡಂತೆ ನಿಂತು, ಮತ್ತೆ ಏರುತ್ತಿತ್ತು. ಮುಖ್ತಾ ಮಗುವನ್ನು ಮಲಗಿಸುವಾಗ ತುಟಿ ಬಿಚ್ಚದೆ ಗುನುಗುತ್ತಿದ್ದದ್ದು ಹಾಗೆಯೇ. ಸಾಜಾಗೆ ಗೊತ್ತಾಗದೆ ಇರುತ್ತದೆಯೇ? ಅವಳನ್ನೂ ಚಿಕ್ಕಂದಿನಲ್ಲಿ ಮಲಗಿಸಿದ್ದು ಅದೇ ಗುನುಗು.

ಸಾಜಾ ಮುಖ್ತಾಳ ತಂಗಿ. ಹೋದ ಚಳಿಗಾಲದಲ್ಲಿ ಮುಖ್ತಾ ಕೆಮ್ಮು ಎದೆಗಿಳಿದು ಸತ್ತಾಗ ಮಗುವನ್ನು ನೋಡಿಕೊಳ್ಳಲು ಬಂದವಳು, ಚಿನಾರ್ ಎಲೆ ಉದುರುವ ಹೊತ್ತಿಗೆ ಭಾವ ಅಸದುಲ್ಲಾನ ಹೆಂಡತಿಯಾದಳು. ಹಿರಿಯರು ಕೂತು ತೀರ್ಮಾನಿಸಿದರು. ಅವಳನ್ನು ಕೇಳಲೇ ಇಲ್ಲ ಎನ್ನುವಂತಿಲ್ಲ, ಕೇಳಿದರು. ಕೇಳಿದ ರೀತಿಯಲ್ಲೇ ಉತ್ತರವೂ ಇತ್ತು. ನಿಕಾಹ್ ದಿನ ಬಂದವರಿಗೆಲ್ಲ ಇದೇ ಸಮೋವಾರಿನಿಂದ ಕೇಸರಿ ಹಾಕಿದ ಚಹಾ, ಕಹ್ವಾ, ಬಗ್ಗಿಸಿದ್ದರು. ಈಗ ಅವಳು ತೊಡುವ ಉಣ್ಣೆಯ ನಿಲುವಂಗಿ, ಫೆರನ್, ಅಕ್ಕನದು, ಫೆರನ್ನಿನೊಳಗೆ ಹಿಡಿಯುವ ಅಗ್ಗಿಷ್ಟಿಕೆ ಅಕ್ಕನದು, ಗಂಡ ಅಕ್ಕನವನು. ಅಸದುಲ್ಲಾ ಕೆಟ್ಟವನಲ್ಲ. ಅಕ್ರೋಟ್ ಮರದಲ್ಲಿ ಹೂವು ಎಲೆ ಕೆತ್ತುವವನು, ಮರದ ಜೊತೆ ಇದ್ದೂ ಇದ್ದೂ ಅದರಷ್ಟೇ ಮಾತು ಕಲಿತವನು. ನಡುನಡುವೆ ಮರೆತು ಅವಳನ್ನು ಮುಖ್ತಾ ಎಂದು ಕೂಗಿಬಿಡುತ್ತಿದ್ದ. ಕೂಗಿ, ನಾಲಗೆ ಕಚ್ಚಿಕೊಂಡು, ಮತ್ತೆ ಉಳಿ ಹಿಡಿಯುತ್ತಿದ್ದ.

ಇಷ್ಟನ್ನೂ ಸಾಜಾ ನುಂಗಿಕೊಂಡಿದ್ದಳು. ನುಂಗಲಾಗದೆ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಮಗು. ಅಫ್ರೋಜಾ ಅವಳನ್ನು ಮಾಸಿ ಎಂದೇ ಕರೆಯುತ್ತಿದ್ದಳು, ಚಿಕ್ಕಮ್ಮ ಚಿಕ್ಕಮ್ಮನೇ. ಅನ್ನ ಅಜ್ಜಿಯ ಕೈಯಿಂದ ತಿನ್ನುತ್ತಿದ್ದಳು. ಕಹ್ವಾ ಮಾಡುವುದು ಸಾಜಾ ಆದ್ದರಿಂದ ಕಹ್ವಾ ಯಾರ ಕೈಯಿಂದಲೂ ಬೇಡ. ಮೊದಲ ಹಿಮ ಬಿದ್ದಂದಿನಿಂದ ಒಂದು ಗುಟುಕು ಬಿಸಿಯೂ ಮಗುವಿನ ಗಂಟಲಿಗೆ ಇಳಿದಿರಲಿಲ್ಲ. ಈಗ ಕೆಮ್ಮು ಶುರುವಾಗಿತ್ತು. ತಾಯಿಗೆ ಬಂದಂಥದ್ದೇ ಒಣಕೆಮ್ಮು.

"ಒಂದು ಗುಟುಕು ಕುಡಿ ಕಂದಾ, ನಿನ್ನ ಪೀಡೆ ನಂಗಿರ್ಲಿ," ಎಂದು ಖತೀಜಿ ಅಂಗಲಾಚುತ್ತಿದ್ದಳು. ಮಗು ತುಟಿ ಬಿಗಿದರೆ ಕೋಪ ಸೊಸೆಯ ಮೇಲೆ ತಿರುಗುತ್ತಿತ್ತು. "ಅದೇನು ಮಾಡ್ತೀಯೇ ಅದ್ರೊಳಗೆ? ನಿಮ್ಮಕ್ಕ ಮಾಡಿದ್ರೆ ಬೀದಿಯೋರು ಮೂಗು ಅರಳಿಸ್ಕೊಂಡು ಬರೋರು. ನೀನು ಮಾಡಿದ್ರೆ ಮನೆ ಮಗೂನೂ ಮುಖ ತಿರುಗಿಸುತ್ತೆ. ನಿನ್ನ ಕೈಗೆ ಸಿಡಿಲು ಬಡಿಯ!"

"ಅಕ್ಕ ಹೇಳಿಕೊಟ್ಟಂಗೇ ಮಾಡ್ತಿದೀನಿ, ಅತ್ತೆ."

"ಹಂಗಾದ್ರೆ ಅವಳೇ ಬಂದು ಕೆಡಿಸ್ತಾಳೆ ಅನ್ನು!"

ಮುದುಕಿ ಸಿಟ್ಟಿನಲ್ಲಿ ಆಡಿದ ಮಾತು. ಆಡಿ ಮರೆತಳು. ಸಾಜಾ ಮರೆಯಲಿಲ್ಲ.

ಮರುದಿನ ಅವಳು ಇನ್ನೂ ಜೋಕೆಯಾಗಿ ಮಾಡಿದಳು. ಕೇಸರಿಯ ಎಳೆಗಳನ್ನು ಉಗುರುಬೆಚ್ಚನೆಯ ನೀರಿನಲ್ಲಿ ಬೇರೆಯೇ ನೆನೆಸಿಟ್ಟಳು. ಸಮೋವಾರಿಗೆ ನೀರು ಹೊಯ್ದು, ಒಲೆಯಿಂದ ಚಿಮಟದಲ್ಲಿ ಕೆಂಡ ಎತ್ತಿ ಕೊಳವೆಗೆ ಇಳಿಬಿಟ್ಟಳು. ನೀರು ಮರಳಿದಾಗ ದಾಲ್ಚಿನ್ನಿಯ ಚೂರು, ಜಜ್ಜಿದ ಏಲಕ್ಕಿ, ಸಕ್ಕರೆ. ಹಸಿರು ಚಹಾದೆಲೆ ಕಡೆಗೆ, ಅದೂ ಒಂದೇ ಚಿಟಿಕೆ. ಹೆಚ್ಚು ಕುದ್ದರೆ ಕಹಿ. ಮೇಲೆ ಕೇಸರಿಯ ನೀರು. ಬಾದಾಮಿಯನ್ನು ಕೂದಲೆಳೆಯಷ್ಟು ಸಣ್ಣಗೆ ಸೀಳಿ ಬಟ್ಟಲುಗಳ ತಳಕ್ಕೆ ಹಾಕಿಟ್ಟಳು. ಆಮೇಲೆ ಎಲ್ಲ ಮನೆಗಳಲ್ಲೂ ಮಾಡುವಂತೆ ಮೊದಲ ಬಟ್ಟಲನ್ನು ಬಗ್ಗಿಸಿ, ಮುಚ್ಚಳ ತೆಗೆದು, ತಿರುಗಿ ಸಮೋವಾರಿಗೇ ಸುರಿದಳು. ಮೂತಿಯಲ್ಲಿ ನಿಂತ ನೀರು ಚಪ್ಪೆ ಇರುತ್ತದೆ, ಮೊದಲ ಬಟ್ಟಲು ಯಾರ ಪಾಲಿನದೂ ಅಲ್ಲ. ಅದು ಒಳಗೆ ಹೋಗಿ ಎಲ್ಲದರ ಜೊತೆ ಬೆರೆತರೇ ರುಚಿ ಕೂಡುವುದು. ಇದನ್ನೂ ಕಲಿಸಿದವಳು ಮುಖ್ತಾನೇ.

ಮೂಲೆಯಲ್ಲಿ ಕೂತಿದ್ದ ಅಫ್ರೋಜಾ ಹತ್ತಿರ ಬಂದು ಸಮೋವಾರಿನ ಕಡೆ ಕಿವಿ ಕೊಟ್ಟಳು. ಅದು ಗುನುಗುತ್ತಿತ್ತು.

"ಮಾಸಿ, ಮೋಜಿ ಕೇಳ್ತಿದಾಳೆ."

ಮೋಜಿ ಎಂದರೆ ಅವ್ವ. ಸಾಜಾಳ ಕೈ ಅಲ್ಲೇ ನಿಂತಿತು. "ಏನಂತೆ?"

"ನನ್ನ ಬಟ್ಟಲು ಯಾಕೆ ಚೆಲ್ತೀಯ ಅಂತ."

"ಚೆಲ್ಲಿಲ್ವಲ್ಲ, ಒಳಗೇ ಹಾಕ್ದೆ."

"ನೀರಿಗೆ ಹಾಕ್ದೆ. ಮೋಜಿ ನೀರಲ್ಲಿಲ್ಲ," ಎಂದಳು ಮಗು, ಇಷ್ಟೂ ತಿಳಿಯದೇ ಎನ್ನುವಂತೆ. "ಬೆಂಕಿ ಹತ್ರ ಇದಾಳೆ. ಅವಳಿಗೆ ಚಳಿ."

ಸಾಯುವ ಹಿಂದಿನ ದಿನ ಮುಖ್ತಾ ಆಡಿದ್ದೂ ಅದೇ ಮಾತು. ನಾಲ್ಕು ಕಂಬಳಿ ಹೊದಿಸಿದ್ದರೂ, "ಸಾಜಾ, ಚಳಿ ಕಣೇ," ಎಂದಿದ್ದಳು. ಆಗ ಮಗು ಆ ಕೋಣೆಯಲ್ಲಿ ಇರಲಿಲ್ಲ.

ಆಮೇಲಿನ ದಿನಗಳನ್ನು ಸಾಜಾ ಹೇಗೆ ಕಳೆದಳೋ ಅವಳಿಗೇ ಗೊತ್ತು. ಗೋಡೆಯ ಗೂಟದಲ್ಲಿ ನೇತುಬಿಟ್ಟ ಫೆರನ್ ತನ್ನ ಕಡೆ ತಿರುಗಿದಂತೆ ಕಾಣುತ್ತಿತ್ತು. ಕಹ್ವಾ ಮಾಡದ ಹೊತ್ತಿನಲ್ಲೂ ದಾಲ್ಚಿನ್ನಿಯ ವಾಸನೆ ಬರುತ್ತಿತ್ತು, ಅದೂ ಆ ಸಣ್ಣ ಕೋಣೆಯ ಕಡೆಯಿಂದ. ಮುಖ್ತಾ ಸತ್ತದ್ದು ಅಲ್ಲಿ. ಕಿಟಕಿಗೆ ಗಾಳಿ ನುಗ್ಗದಂತೆ ಕಾಗದ ಅಂಟಿಸಿ, ಒಣಗಿಸಿದ ಬದನೆ, ಸೋರೆ, ಮೂಲಂಗಿಯ ಸರಗಳನ್ನು ನೇತುಹಾಕಿ ಉಗ್ರಾಣ ಮಾಡಿದ್ದರು. ಅಕ್ಕ ತನ್ನ ಮೇಲೆ ಸಿಟ್ಟಾಗಿದ್ದಾಳೆ ಎಂದು ಸಾಜಾ ನಂಬಿದಳು. ಗಂಡನನ್ನು ತೆಗೆದುಕೊಂಡದ್ದಕ್ಕೆ ಸಿಟ್ಟು. ಹೋಗಲಿ, ತನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟಾಗಲಿ. ಆದರೆ ಮಗುವನ್ನು ಹೀಗೆ ದಿನಾ ಹತ್ತಿರ ಕರೆಯುತ್ತಿರುವುದು ಯಾಕೆ? ಸತ್ತವರಿಗೆ ಚಳಿಯಾದರೆ ಅಪ್ಪಿಕೊಳ್ಳಲು ಏನು ಬೇಕು?

ಆ ಮಧ್ಯಾಹ್ನ ಹಿಮ ಸ್ವಲ್ಪ ಬಿಡುವು ಕೊಟ್ಟಿತ್ತು. ಖತೀಜಿ ನೆರೆಮನೆಯ ಬಾಣಂತಿಯನ್ನು ನೋಡಲು ಹೋಗಿದ್ದಳು. ಅಸದುಲ್ಲಾ ಮತ್ತು ಪಕ್ಕದ ಮನೆಯ ರಸೂಲ್ ಛಾವಣಿ ಹತ್ತಿ ಹಿಮ ಕೆಡವುತ್ತಿದ್ದರು. ಸಾಜಾ ಕಹ್ವಾ ಮಾಡಿ ಮೊದಲ ಬಟ್ಟಲು ಬಗ್ಗಿಸಿದಳು. ತಿರುಗಿ ಸುರಿಯಲು ಮುಚ್ಚಳಕ್ಕೆ ಕೈ ಹಾಕಿದವಳು ತಡೆದಳು. ಗುನುಗು ಅಂದು ತೀರ ಹತ್ತಿರದಲ್ಲಿತ್ತು, ಕಿವಿಯ ಹಿಂದೆಯೇ ಯಾರೋ ಕೂತಂತೆ.

"ತಗೋ," ಎಂದಳು ಮೆಲ್ಲಗೆ. ಬಟ್ಟಲನ್ನು ಸಮೋವಾರಿನ ಪಕ್ಕದಲ್ಲೇ ಇಟ್ಟಳು. "ನಿನ್ನ ಪಾಲು ನೀನು ತಗೋ ಅಕ್ಕಾ. ಮಗೂನ ಬಿಟ್ಬಿಡು."

ಮೂಲೆಯಲ್ಲಿದ್ದ ಅಫ್ರೋಜಾ ಕಣ್ಣರಳಿಸಿ ನೋಡಿದಳು.

"ಏ, ಕಹ್ವಾ ಬರುತ್ತೋ, ಇಲ್ಲಾ ನಾವಿಲ್ಲೇ ಗಡ್ಡೆ ಕಟ್ಟಬೇಕೋ?" ಮೇಲಿಂದ ರಸೂಲ್ ಕೂಗಿದ. "ಅಸದುಲ್ಲಾನ ಮೂಗು ಈಗಾಗ್ಲೇ ಉದುರೋ ಹಂಗಿದೆ!"

ಸಾಜಾ ಇನ್ನೆರಡು ಬಟ್ಟಲು ತುಂಬಿಸಿ ಹೊರಗೆ ಓಡಿದಳು. ಏಣಿಯ ಬುಡ ಸೇರುವಷ್ಟರಲ್ಲಿ ಛಾವಣಿಯ ಒಂದು ಮಗ್ಗುಲಿನ ಹಿಮವೆಲ್ಲ ಒಟ್ಟಿಗೆ ಜಾರಿ ದಡ್ ಎಂದು ಬಾಗಿಲಿಗೆ ಅಡ್ಡ ಬಿತ್ತು. ಇಂಥದ್ದು ಪ್ರತಿ ಚಳಿಗಾಲದಲ್ಲೂ ಆಗುವಂಥದ್ದೇ. ರಸೂಲ್ ನಕ್ಕ. "ಮನೆಯಾಕೇನೇ ಮನೆ ಹೊರಗಾದ್ಲು," ಎಂದು ಗೇಲಿ ಮಾಡಿದ. ಇಬ್ಬರೂ ಇಳಿದು ಬಂದರು, ಆರಾಮಾಗಿ ಕಹ್ವಾ ಕುಡಿದರು, ಆಮೇಲೆ ಸಲಿಕೆ ಹಿಡಿದರು. ಬಾಗಿಲು ಒಬ್ಬರು ನುಸುಳುವಷ್ಟು ಬಿಡಿಸಿಕೊಳ್ಳುವ ಹೊತ್ತಿಗೆ ಸಾಜಾಳ ಕಾಲು ಮರಗಟ್ಟಿತ್ತು.

ಒಳಗೆ ಸಮೋವಾರ್ ಇರಲಿಲ್ಲ. ಅದರ ಅಡಿಯ ಹುಲ್ಲುಚಾಪೆಯೂ ಇರಲಿಲ್ಲ. ಅಕ್ಕನಿಗೆಂದು ಇಟ್ಟಿದ್ದ ಬಟ್ಟಲೂ ಇಲ್ಲ, ಮಗುವೂ ಇಲ್ಲ.

ನೆಲದ ಮೇಲೆ ಚಾಪೆ ಎಳೆದುಕೊಂಡು ಹೋದ ಗೆರೆ ಸಣ್ಣ ಕೋಣೆಯ ಬಾಗಿಲವರೆಗೆ ಇತ್ತು. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಅದೇ ಊರಲ್ಲಿ, ಹಿಂದೊಮ್ಮೆ, ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದ ಗಂಡಹೆಂಡಿರು ಬೆಳಿಗ್ಗೆ ಎದ್ದಿರಲಿಲ್ಲ. ಕೆಂಡದ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆ ಬಂದಂತೆ ಬರುತ್ತದೆ, ಅಷ್ಟೇ. ಒಳಗಿನ ಕಿಟಕಿಗೆ ಕಾಗದ ಅಂಟಿಸಿದ್ದು ಅವಳ ಕೈಯೇ.

"ಅಫ್ರೋಜಾ! ಬಾಗಿಲು ತೆಗಿ!"

ಮಗುವಿನ ದನಿ ಇಲ್ಲ, ಕೆಮ್ಮೂ ಇಲ್ಲ. ಕೇಳಿಸಿದ್ದು ಗುನುಗು ಮಾತ್ರ. ಏರುತ್ತಿತ್ತು, ಇಳಿಯುತ್ತಿತ್ತು, ಉಸಿರು ತೆಗೆದುಕೊಂಡು ಮತ್ತೆ ಏರುತ್ತಿತ್ತು. ಮಗುವನ್ನು ಮಲಗಿಸುವ ಗುನುಗು.

"ಬಿಡೇ ಅವಳನ್ನ!" ಸಾಜಾ ಕಿರುಚಿದಳು. "ನಿಂಗೆ ಚಳಿಯಾದ್ರೆ ನನ್ನ ಕರ್ಕೋ! ನಾನು ಬರ್ತೀನಿ, ಅವಳನ್ನ ಬಿಡು ಅಕ್ಕಾ!" ಭುಜ ಕೊಟ್ಟು ಗುದ್ದಿದಳು. ಅವಳ ಕೂಗಿಗೆ ಅಸದುಲ್ಲಾ ಸಲಿಕೆ ಸಮೇತ ಓಡಿಬಂದ. ಇಬ್ಬರ ಭಾರಕ್ಕೆ ಹಳೆಯ ಅಗುಳಿ ಮುರಿದು ಬಾಗಿಲು ಒಳಕ್ಕೆ ಬಿತ್ತು.

ಬಾಗಿಲು ಬಿದ್ದ ಕ್ಷಣ ಗುನುಗು ನಿಂತಿತು.

ಮಗು ಸಮೋವಾರಿನ ಪಕ್ಕ ಮುದುಡಿ ಮಲಗಿತ್ತು. ಸಾಜಾ ಅವಳನ್ನು ಬಾಚಿಕೊಂಡು ಹೊರಗಿನ ಹಿಮದ ಗಾಳಿಗೆ ಒಯ್ದಳು. ಕೆನ್ನೆಗೆ ತಟ್ಟಿದಳು. ಅಫ್ರೋಜಾ ಕಣ್ಣು ಬಿಟ್ಟು, ಮುಖ ಸಿಂಡರಿಸಿ, "ಚಳಿ" ಎಂದಳು. ಬರಿಯ ನಿದ್ದೆ! ಒಳ್ಳೆಯ, ಬೆವರಿದ, ಸಾಮಾನ್ಯ ನಿದ್ದೆ! ಸಾಜಾ ಅವಳ ನೆತ್ತಿಗೆ ಮುಖ ಒತ್ತಿ ಗೊಳೋ ಎಂದು ಅತ್ತಳು.

ಅಸದುಲ್ಲಾ ಬಾಗಿಲಲ್ಲಿ ನಿಂತು ಕರೆದ. "ಸಾಜಾ, ಇಲ್ಲಿ ನೋಡು."

ಸಮೋವಾರ್ ತಣ್ಣಗಿತ್ತು. ಕೊಳವೆಯೊಳಗಿನ ಕೆಂಡ ಎಂದೋ ಆರಿ, ಬೂದಿ ಒದ್ದೆ ಮುದ್ದೆಯಾಗಿತ್ತು. ಬೂದಿಯ ಮೇಲೆ ಬಾದಾಮಿಯ ಎಳೆಗಳು ಅಂಟಿಕೊಂಡಿದ್ದವು. ಪಕ್ಕದಲ್ಲಿ ಬರಿದಾದ ಬಟ್ಟಲು.

"ಅವಳ ಕೋಣೆಗೆ ತಂದು ಮೋಜಿಗೆ ಕೊಟ್ಟೆ," ಎಂದಳು ಅಫ್ರೋಜಾ. "ನೀನು ಅವಳ ಪಾಲು ಇಟ್ಟಿದ್ದೆಯಲ್ಲ. ಅವಳಿರೋ ಕಡೆ, ಬೆಂಕಿ ಹತ್ರ, ಮೇಲಿಂದ ಹಾಕ್ದೆ. ಬುಸ್ ಅಂತ ಕುಡಿದ್ಲು."

"ಆಮೇಲೆ?" ಎಂದಳು ಸಾಜಾ. ಕೇಳಲು ಹೆದರಿಕೆ, ಕೇಳದಿರಲು ಇನ್ನೂ ಹೆದರಿಕೆ.

"ನಾನೂ ಇಲ್ಲೇ ಇರ್ತೀನಿ ಅಂದೆ. ಬೇಡ ಅಂದ್ಲು. ಹಾಡ್ತಾ ಇರ್ತೀನಿ, ಮಾಸಿ ಬರೋವರ್ಗೂ ಮಲ್ಕೋ ಅಂದ್ಲು."

ಒಂದು ಬಟ್ಟಲು ಕಹ್ವಾಕ್ಕೆ ಅಷ್ಟು ಕೆಂಡ ಆರುತ್ತದೆಯೇ ಎಂದು ಊರಿನಲ್ಲಿ ಆಮೇಲೆ ತುಂಬ ಚರ್ಚೆಯಾಯಿತು. ಸಣ್ಣ ಸಮೋವಾರ್, ಕೆಂಡವೂ ಅರ್ಧ ಸುಟ್ಟದ್ದು, ಆರಿರಬಹುದು ಎಂದ ರಸೂಲ್. ಆರಲಿ. ಆರಿದ ಸಮೋವಾರ್ ಬಾಗಿಲು ಮುರಿಯುವ ತನಕ ಹಾಡಿದ್ದು ಹೇಗೆ ಎಂದರೆ ಅವನೂ ಮಾತನ್ನು ಬೇರೆ ಕಡೆ ತಿರುಗಿಸುತ್ತಿದ್ದ. ಅಸದುಲ್ಲಾನನ್ನು ಕೇಳಿದರೆ ಅವನು ಉಳಿ ಮಸೆಯುತ್ತ ಕೂರುತ್ತಿದ್ದ. ಅವನಿಗೂ ಕೇಳಿಸಿತ್ತು.

ಆ ಸಂಜೆ ಸಾಜಾ ಬೂದಿ ಬಳಿದು, ಕೊಳವೆ ಒರೆಸಿ, ಮತ್ತೆ ಕೆಂಡ ಹಾಕಿದಳು. ಖತೀಜಿ ಎದೆಗೆ ಕೈಯಿಟ್ಟುಕೊಂಡು, ಬೈಯುವುದನ್ನೂ ಮರೆತು ನೋಡುತ್ತ ಕೂತಿದ್ದಳು. ಸಾಜಾ ಮೊದಲ ಬಟ್ಟಲನ್ನು ಬಗ್ಗಿಸಿದಳು. ಅದನ್ನು ಏನು ಮಾಡುವುದೆಂದು ಯೋಚಿಸುತ್ತಿರುವಾಗ ಅಫ್ರೋಜಾ ಕೈ ಚಾಚಿದಳು.

"ಮೋಜಿಗೆ ಸಾಕಂತೆ. ನಂಗೆ ಕೊಡು."

ಮಗು ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಊದಿ ಊದಿ, ತಳದ ಬಾದಾಮಿಯವರೆಗೂ ಕುಡಿಯಿತು. ಮೂಗಿನ ತುದಿ ಕೆಂಪಾಯಿತು. ಖತೀಜಿ ಕಣ್ಣೊರೆಸಿಕೊಂಡಳು.

ಸಾಜಾ ಸಮೋವಾರಿನ ಕಡೆ ಬಾಗಿ ಕಿವಿಗೊಟ್ಟಳು. ಗುಂಯ್ ಎನ್ನುತ್ತಿತ್ತು. ಏರಲಿಲ್ಲ, ಇಳಿಯಲಿಲ್ಲ, ಉಸಿರು ತೆಗೆದುಕೊಳ್ಳಲಿಲ್ಲ. ಬರಿಯ ನೀರು, ಬರಿಯ ತಾಮ್ರ. ಇಷ್ಟು ದಿನ ಯಾವ ಸದ್ದು ನಿಂತರೆ ಸಾಕು ಎಂದು ದೇವರಿಗೆ ಮೊರೆಯಿಟ್ಟಿದ್ದಳೋ ಆ ಸದ್ದು ನಿಂತಿತ್ತು.

"ಅಕ್ಕಾ," ಎಂದಳು ಮೆಲ್ಲಗೆ. ಇನ್ನೊಮ್ಮೆ ಕರೆದಳು. ಅಕ್ಕ ಸತ್ತು ಒಂದು ವರ್ಷವಾದ ಮೇಲೆ, ಆ ಮನೆಯಲ್ಲಿ ಮೊದಲ ಸಲ, ಅವಳಿಗೆ ಅಕ್ಕ ಇಲ್ಲವೆನಿಸಿತು.