ಕ್ಲಿಮೆಂತ್‌ನ ಕೊನೆಯ ಟೇಪು

ಕರಿ ಕೋಟಿಗೆ ಅಂಟಿದ್ದ ಬೆಕ್ಕಿನ ಕೂದಲನ್ನು ನೆವುಸ್ ಅಂಟುಟೇಪು ಒತ್ತಿ ಒತ್ತಿ ಕೀಳುತ್ತಿದ್ದಳು. ಗಂಡ ಕ್ಲಿಮೆಂತ್ ತೀರಿಕೊಂಡು ಒಂದು ದಿನವಾಗಿತ್ತು. ಅವನಿಗೆ ತೊಡಿಸಲು ಒಂಬತ್ತಕ್ಕೆಲ್ಲ ಕೋಟು ಅಂತಿಮ ದರ್ಶನದ ಭವನ ತಲುಪಬೇಕು. ಮನೆಯಲ್ಲಿ ಬೇರೆ ಟೇಪು ಸಿಗದೆ ಅವನ ಬ್ಯಾಗಿನ ಡಬ್ಬಿಯಲ್ಲಿದ್ದ ತುಂಡನ್ನೇ ತೆಗೆದುಕೊಂಡಿದ್ದಳು. ಕೂದಲೇನೋ ಹೋಯಿತು, ಆದರೆ ಕೋಟಿನ ಎದೆಗೆ ಬೂದು ಮಸಿ ಮೆತ್ತಿತು. "ಸತ್ತ ಮೇಲೂ ನಿನ್ನ ಸಾಮಾನು ನನ್ನನ್ನ ಕಾಡ್ಬೇಕಾ?" ಎಂದು ಬೈದು ಟೇಪನ್ನು ಬೀದಿಯ ತೊಟ್ಟಿಗೆ ಎಸೆದು ಬಂದಳು. ಕಸದ ಲಾರಿ ಅದನ್ನು ಒಯ್ದಿತು. ಡಬ್ಬಿಯ ಮೇಲೆ ಅವನ ಅಕ್ಷರವಿತ್ತಲ್ಲ, ಅದನ್ನು ಮಾತ್ರ ಕೈಚೀಲಕ್ಕೆ ಹಾಕಿಕೊಂಡಳು.

*

ಭವನದಲ್ಲಿ, ಗಾಜಿನಾಚೆ, ಅದೇ ಕೋಟು ತೊಟ್ಟು ಕ್ಲಿಮೆಂತ್ ಮಲಗಿದ್ದ. ಈಚೆ ಸೋಫಾದಲ್ಲಿ ಮೇಲಿನ ಮಹಡಿಯ ರೆಮೇಯ್ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಇಪ್ಪತ್ತು ವರ್ಷ ಊರವರ ರೇಡಿಯೋ ರಿಪೇರಿ ಮಾಡ್ದ. ನನ್ನದನ್ನ ಮಾತ್ರ ಮುಟ್ಲಿಲ್ಲ ಕಣೇ!"

"ರೇಡಿಯೋನಾ?" ಕ್ಲಿಮೆಂತ್ ಕೆಲಸ ಮಾಡುತ್ತಿದ್ದ ಲ್ಯಾಬಿನಿಂದ ಬಂದಿದ್ದ ಹುಡುಗಿ ಐನಾ ತಬ್ಬಿಬ್ಬಾದಳು. "ಅವರು ನಮಗೆ ಗ್ರ್ಯಾಫೀನ್ ಕಿತ್ತು ಕೊಡೋರು. ಪೆನ್ಸಿಲ್ ಸೀಸ ಇರುತ್ತಲ್ಲ, ಅದರದ್ದೇ ಪರೆ. ಟೇಪಲ್ಲಿ ಕೀಳ್ತಾ ಹೋದ್ರೆ ಒಂದೇ ಪರಮಾಣುವಿನಷ್ಟು ತೆಳು. ಅದನ್ನ ಸಣ್ಣ ಎಳೆ ಮಾಡಿ ಬೆಳಕು ಬಿಟ್ರೆ ಒಳಗಿನ ಎಲೆಕ್ಟ್ರಾನ್‌ಗಳು ಒಟ್ಟಿಗೆ ತೂಗಾಡ್ತವೆ. ವೋಲ್ಟೇಜ್ ಸ್ವಲ್ಪ ಏರಿಸಿದ್ರೆ ಅದೇ ಎಳೆ ಬೇರೆ ಬೆಳಕು ಹಿಡಿಯುತ್ತೆ."

ರೆಮೇಯ್ ನೆವುಸ್‌ಳ ಮುಖ ನೋಡಿದಳು. ನೆವುಸ್ ಗಾಜಿನತ್ತ ನೋಡಿದಳು. ಯಾರ ಗಂಡನ ಮಾತು ಇದು?

*

ಎಷ್ಟೋ ವರ್ಷಗಳ ಹಿಂದೆ, ಅಡುಗೆಮನೆಯ ಮೇಜಿನ ಮುಂದೆ ಕ್ಲಿಮೆಂತ್ ಟೇಪು ಒತ್ತಿ, ಸ್ವಲ್ಪ ಕಾದು, ಅಂಚಿನಿಂದ ನಿಧಾನವಾಗಿ ಎಳೆಯುತ್ತ ಕೂತಿದ್ದ. ಕೈ ಪಳಗಲಿ ಎಂದು ಮನೆಯಲ್ಲೂ ಅದೇ ಕೆಲಸ.

"ಏನಪ್ಪಾ ಇದು ನಿನ್ನ ಉದ್ಯೋಗ?" ಎಂದು ನೆವುಸ್ ಕೇಳಿದ್ದಳು.

ಅವನು ರೇಡಿಯೋದ ಗುಂಡಿ ತಿರುಗಿಸಿದ. "ಪೆಟ್ಟಿಗೆ ಅದೇ ತಾನೇ? ತಿರುಗಿಸಿದ್ರೆ ಬೇರೆ ಹಾಡು. ಇಷ್ಟೇ ನಮ್ಮ ಕೆಲಸ."

ನೆವುಸ್ ಅದನ್ನು ರೇಡಿಯೋ ರಿಪೇರಿ ಎಂದುಕೊಂಡು ಬೀದಿಗೆಲ್ಲ ಸಾರಿದ್ದಳು. ಅವನು ಕೇಳಿಸಿಕೊಂಡು ನಕ್ಕನೇ ಹೊರತು ತಿದ್ದಲಿಲ್ಲ. ಈಗ ಅವಳಿಗೆ ಅವಮಾನವಾಯಿತು, ಸಿಟ್ಟೂ ಬಂತು.

*

ಐನಾ ಪಕ್ಕಕ್ಕೆ ಬಂದು ದನಿ ತಗ್ಗಿಸಿದಳು. "ಅಮ್ಮಾ, ಅವರ ಬ್ಯಾಗಲ್ಲಿ ಒಂದು ಡಬ್ಬಿ ಇತ್ತಾ? ಅವರು ಪರೆ ಕೀಳ್ತಿದ್ದಂಥ ಸೀಸದ ಕಲ್ಲು ಮತ್ತೆ ಸಿಗಲಿಲ್ಲ. ಉಳಿದಿರೋದು ಆ ಡಬ್ಬಿಯ ಟೇಪಲ್ಲಿ ಇರೋದಷ್ಟೇ."

ನೆವುಸ್ ಕೈಚೀಲದಿಂದ ಖಾಲಿ ಡಬ್ಬಿ ತೆಗೆದುಕೊಟ್ಟಳು. ಮುಚ್ಚಳದ ಮೇಲೆ 'ಕ್ಲಿಮೆಂತ್, ೪೧೨' ಎಂದಿತ್ತು.

"ನಮ್ಮಲ್ಲಿ ಕಿತ್ತವರ ಹೆಸರು, ಅದು ಅವರ ಎಷ್ಟನೇದು ಅಂತ ಬರೀತೀವಿ," ಎಂದಳು ಐನಾ.

"ನಾನು ಅದರಲ್ಲಿ ಬೆಕ್ಕಿನ ಕೂದಲು ತೆಗೆದೆ, ಮಗಳೇ. ಆ ಮಸಿ ಈಗ ಅವನ ಕೋಟಿನ ಮೇಲಿದೆ. ಅವನ ಕೆಲಸಾನೆಲ್ಲ ಹಾಳು ಮಾಡಿಬಿಟ್ಟೆ."

ಐನಾ ಭವನದವನನ್ನು ಕರೆದು ಗಾಜಿನ ಕೋಣೆಯ ಬಾಗಿಲು ತೆಗೆಸಿ, ತನ್ನ ಬ್ಯಾಗಿನಿಂದ ಹೊಸ ಟೇಪು ತೆಗೆದಳು.

"ಕೊಡು, ನಾನೇ ಮಾಡ್ತೀನಿ," ಎಂದಳು ನೆವುಸ್.

ಗಂಡನ ಎದೆಯ ಮೇಲೆ ಟೇಪು ಒತ್ತಿದಳು. ಸ್ವಲ್ಪ ಕಾದಳು. ಅಂಚಿನಿಂದ ನಿಧಾನವಾಗಿ ಎಳೆದಳು. ಯಾರೂ ಕಲಿಸಿರಲಿಲ್ಲ, ನೋಡಿ ನೋಡಿ ಕೈಗೆ ಬಂದಿತ್ತು. ಟೇಪಿನಲ್ಲಿ ಬೂದು ಮಸಿ, ಉಣ್ಣೆಯ ಜುಂಗು, ಬೆಳಗ್ಗೆ ತಪ್ಪಿಸಿಕೊಂಡಿದ್ದ ಬೆಕ್ಕಿನದೊಂದು ಕೂದಲು.

"ಆಗುತ್ತಾ?"

ಐನಾ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಗುವುದಿಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು. ಆದರೂ ಟೇಪನ್ನು ಜೋಪಾನವಾಗಿ ಡಬ್ಬಿಯಲ್ಲಿಟ್ಟು, ಪೆನ್ನು ತೆಗೆದು, ಅವನ ಅಕ್ಷರದ ಕೆಳಗೆ ಬರೆದಳು:

ನೆವುಸ್, ೧.